ಕೆಟ್ಟ ಫೋನು ಹಿಡಿದು ಊರೂರು ತಿರುಗಿದವರು

ನಾನು ನಿಂತಿದ್ದದ್ದು ದೊಡ್ಡಮನೆಯ ಜಗಲಿಯ ಮೇಲೆ, ಬಾಗಿಲಿಗೆ ಮುಖ ಮಾಡಿದರೆ ಎಡಕ್ಕೆ ಬರುವ ಎರಡನೆಯ ಕಂಬದ ಪಕ್ಕ. ತೊಂಬತ್ತಾರನೆಯ ಇಸವಿ, ದೀಪಾವಳಿ ಕಳೆದ ಮೊದಲ ಗುರುವಾರ, ಬೆಳಿಗ್ಗೆ ಹತ್ತೂವರೆ. ಹೊತ್ತನ್ನು ಖಾತ್ರಿಯಾಗಿ ಹೇಳಬಲ್ಲೆ, ಯಾಕೆಂದರೆ ಸೊರಬದಿಂದ ಕ್ಯಾಸನೂರಿನ ಕಡೆ ಹೋಗುವ ಬಸ್ಸು ಆಗಷ್ಟೇ ಊರಿನ ತಿರುವಿನಲ್ಲಿ ಹಾರನ್ ಹಾಕಿತ್ತು. ನನ್ನ ಎಡಗೈಯಲ್ಲಿ ಅಳತೆ ಬರೆಯುವ ಪುಸ್ತಕವಿತ್ತು. ನನ್ನಿಂದ ಮೂರು ಹೆಜ್ಜೆ ಬಲಕ್ಕೆ ಒಂದು ಸ್ಟೂಲು, ಅದರ ಮೇಲೆ ಕಪ್ಪು ಫೋನು. ಅಂಗಳದಲ್ಲಿ, ಮೆಟ್ಟಿಲಿನಿಂದ ಸುಮಾರು ಹನ್ನೆರಡು ಅಡಿ ಆಚೆ ಚೌಡಮ್ಮ ನಿಂತಿದ್ದರು. ಅವರಿಗೂ ಫೋನಿಗೂ ನಡುವೆ ಇದ್ದದ್ದು ಮೂರು ಮೆಟ್ಟಿಲು.

ಮೆಟ್ಟಿಲ ಬುಡದಲ್ಲಿ ಕೈಕಟ್ಟಿ ನಿಂತಿದ್ದವರು ನಮ್ಮ ಸಾಹೇಬರು. ಈಗ ಬರೆಯುತ್ತಿರುವುದು ಅವರ ಬಗ್ಗೆ. ಹೋದ ತಿಂಗಳು ಶಿಕಾರಿಪುರದಲ್ಲಿ ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಒಂದೂರಿನಲ್ಲಿ ಫೋನಿನ ಉದ್ಘಾಟನೆಗೆಂದು ಜನ ಕಲ್ಲಿನ ಮೇಲೆ ಅವರ ಹೆಸರು ಕೊರೆಸಿ ತಂದಾಗ, ಕಲ್ಲನ್ನು ತಿರುಗಿಸಿ ಹಾಕಿಸಿ ಬ್ಯಾಟರಿ ಇಡಲು ಬಳಸಿದವರು ಅವರು. ಆ ಕಲ್ಲು ಎತ್ತಿ ಇಟ್ಟವನು ನಾನೇ. ಹೆಸರಿದ್ದ ಮೈ ಮಣ್ಣಿಗೆ ಹೋಯಿತು.

ನಾನು ಆಗ ಸೊರಬದ ಟೆಲಿಫೋನ್ ಆಫೀಸಿನಲ್ಲಿ ಲೈನ್‌ಮನ್. ಒಂದು ಹಳ್ಳಿಗೆ ಒಂದು ಸಾರ್ವಜನಿಕ ಫೋನಾದರೂ ಇರಲೇಬೇಕೆಂದು ಸರ್ಕಾರ ನೀತಿ ಮಾಡಿದ್ದ ಕಾಲ. ಕಾಡಂಚಿನ ಹಳ್ಳಿಗಳಿಗೆ ತಂತಿ ಎಳೆದರೆ ಮಳೆಗಾಲದಲ್ಲಿ ಮರ ಬಿದ್ದು ತುಂಡಾಗುತ್ತಿತ್ತು. ಹಾಗಾಗಿ ತಂತಿಯಿಲ್ಲದ ಫೋನು ಬಂತು. ಊರಲ್ಲಿ ಒಂದು ಕಂಬ, ಅದರ ತುದಿಗೆ ಮೀನಿನ ಮುಳ್ಳಿನಂಥ ಆಂಟೆನಾ, ಕೆಳಗೆ ಒಂದು ರೇಡಿಯೋ ಪೆಟ್ಟಿಗೆ, ಬ್ಯಾಟರಿ, ಅದಕ್ಕೆ ಬಿಸಿಲಿನಿಂದ ಚಾರ್ಜು. ಸೊರಬದ ದೊಡ್ಡ ಟವರು ಆ ಆಂಟೆನಾಕ್ಕೆ ಕಂಡರೆ ಮಾತು ಹೋಗುತ್ತದೆ, ಕಾಣದಿದ್ದರೆ ಇಲ್ಲ. ಶಿಕಾರಿಪುರ ಮತ್ತು ಸೊರಬ, ಎರಡೂ ತಾಲ್ಲೂಕಿನ ಈ ಫೋನುಗಳು ಸಾಹೇಬರ ಸುಪರ್ದಿಯಲ್ಲಿದ್ದವು. ಶಿಕಾರಿಪುರದ ಮನೆಯಿಂದ ಹೊರಟು, ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ, ಒಂಬತ್ತು ಗಂಟೆಗೆ ಸೊರಬದಲ್ಲಿ ಇಳಿಯುತ್ತಿದ್ದರು. ಕುಳ್ಳಗೆ, ಕಪ್ಪಗೆ, ಐವತ್ತು ದಾಟಿದವರು. ಕಾಡಿನ ಉಣುಗು ಹುಳ ಮೈಗೆ ಹತ್ತಬಾರದೆಂದು ಬೇಸಿಗೆಯಲ್ಲೂ ತುಂಬು ತೋಳಿನ ಅಂಗಿಯ ಗುಂಡಿ ಮಣಿಕಟ್ಟಿನವರೆಗೆ ಹಾಕಿರುತ್ತಿದ್ದರು.

ಮೀಟರು ಓದುವಾಗ ಅವರದೊಂದು ಪದ್ಧತಿ ಇತ್ತು. ಮುಳ್ಳು ಎಲ್ಲಿ ನಿಂತಿದೆ ಎಂದು ಎರಡು ಸಲ ಗಟ್ಟಿಯಾಗಿ ಹೇಳುವರು, ಮೂರನೆಯ ಸಲ ನಾನು ನೋಡಿ ಹೇಳಬೇಕು, ಆಮೇಲೆ ಬರೆಯಬೇಕು. "ನಾ ಹೇಳಿದ್ದು ಬರೀಬ್ಯಾಡ್ರಿ, ನೀವು ಕಂಡಿದ್ದು ಬರೀರಿ" ಅನ್ನುವರು. ಕಂಡದ್ದನ್ನಷ್ಟೇ ಬರೆಯುವ ಅಭ್ಯಾಸ ನನಗೆ ಹತ್ತಿದ್ದು ಹಾಗೆ.

ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿಲ್ಲ. ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರತಿ ಭಾನುವಾರ ಸಂಜೆ ಫೋನು ಸತ್ತುಹೋಗುತ್ತಿತ್ತು, ಸೋಮವಾರ ತಾನಾಗಿ ಸರಿಯಾಗುತ್ತಿತ್ತು. ಒಂದು ಭಾನುವಾರ ನಾವಿಬ್ಬರೂ ಹೇಳದೆ ಕೇಳದೆ ಹೋದೆವು. ಕಂಬದ ಕೆಳಗೆ ಬ್ಯಾಟರಿ ಇರಲಿಲ್ಲ. ಅದು ಊರ ನಡುವಿನ ಒಂದು ಮನೆಯಲ್ಲಿ ಟಿ.ವಿ.ಗೆ ಜೋಡಿಸಿಕೊಂಡು ಕೂತಿತ್ತು, ಇಡೀ ಊರು ಸಿನಿಮಾ ನೋಡುತ್ತಿತ್ತು. ನಾನು ಗದರಲು ಬಾಯಿ ತೆರೆದೆ. ಸಾಹೇಬರು ನನ್ನ ತೋಳು ಹಿಡಿದು ಕೂರಿಸಿದರು. "ತಡೀರಿ, ಅಕಿ ಅವ್ವ ಇನ್ನೂ ಸಿಕ್ಕಿಲ್ಲ" ಅಂದರು. ಕಳೆದುಹೋದ ತಾಯಿ ಸಿನಿಮಾದ ಕೊನೆಯಲ್ಲಿ ಸಿಕ್ಕಳು, ಹೆಂಗಸರು ಕಣ್ಣೊರೆಸಿಕೊಂಡರು. ಆಮೇಲೆ ಎದ್ದು ಬ್ಯಾಟರಿಯ ತಂತಿ ಬಿಚ್ಚಿ, "ಸಿನಿಮಾ ಚಲೋ ಇತ್ತು. ಈಗ ಇದನ್ನ ಎತ್ತಾಕ ನಾಕ್ ಮಂದಿ ಬರ್ರಿ" ಅಂದರು. ಎಂಟು ಮಂದಿ ಬಂದರು. ಮುಂದೆ ಆ ಊರಿನ ಬ್ಯಾಟರಿ ಜಾಗ ಬಿಟ್ಟು ಕದಲಲಿಲ್ಲ.

ಅವರ ಚೀಲದಲ್ಲಿ ಸದಾ ಒಂದು ಕೆಟ್ಟ ಫೋನು ಇರುತ್ತಿತ್ತು. ಒಳಗಿನದೆಲ್ಲ ತೆಗೆದುಹಾಕಿದ ಬರೀ ಚಿಪ್ಪು. ಹೊಸ ಊರಿಗೆ ಹೋದಾಗ ಮೊದಲು ಮೀಟರಿನಿಂದ ಸಿಗ್ನಲ್ ನೋಡುವರು. "ಸಿಗ್ನಲ್ ಬಂತು. ಈಗ ಜನ ಬರ್ತಾರೇನ್ ನೋಡೂಣು" ಎಂದು ಚೀಲದಿಂದ ಆ ಫೋನು ತೆಗೆದು, ಎಲ್ಲಿ ಕೂರಿಸಬೇಕೆಂದಿದೆಯೋ ಅಲ್ಲೇ ಇಟ್ಟು, ಊರ ಕೊನೆಯ ಕೇರಿಯಿಂದ ಯಾರಾದರೊಬ್ಬರನ್ನು ಕರೆಸುವರು. "ಬಂದು ಎತ್ತಿ ಒಂದ್ ಮಾತಾಡ್ರಿ" ಎನ್ನುವರು. ಅವರು ಬಂದು ತಮ್ಮ ಕೈಯಾರೆ ಎತ್ತಿದರೆ ಅಲ್ಲಿ ಕಂಬ. ಎತ್ತದಿದ್ದರೆ ಬೇರೆ ಜಾಗ. ಇಂಥ ಪರೀಕ್ಷೆ ಇಲಾಖೆಯ ಯಾವ ಕಾಗದದಲ್ಲೂ ಇರಲಿಲ್ಲ.

ದೊಡ್ಡಮನೆಯಲ್ಲಿ ಆ ಗುರುವಾರ ನಡೆಯುತ್ತಿದ್ದದ್ದು ಅದೇ ಪರೀಕ್ಷೆ, ಕೊನೆಯ ಕೇರಿಯಿಂದ ಕರೆಸಿದ್ದು ಚೌಡಮ್ಮನನ್ನು.

ಊರಿನ ಹೆಸರು ಬೇಡ, ಕ್ಯಾಸನೂರಿನಿಂದ ದೂರವಲ್ಲ. ದೊಡ್ಡಮನೆಯ ಯಜಮಾನರು ಕೆಟ್ಟವರಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ಜಾಗ ಪುಕ್ಕಟೆ ಕೊಡುತ್ತೇನೆ, ಬ್ಯಾಟರಿ ಕಾಯುತ್ತೇನೆ, ಯಾರು ಯಾವ ಹೊತ್ತಿಗೆ ಬಂದರೂ ಬಾಗಿಲು ತೆಗೆಯುತ್ತೇನೆ ಎಂದಿದ್ದರು. ಮನಸ್ಸಿನಿಂದಲೇ ಹೇಳಿದ್ದರು. ಮನೆ ದಿಬ್ಬದ ಮೇಲಿತ್ತು, ಮೀಟರಿನ ಮುಳ್ಳು ಎಂಟರ ಮೇಲೆ ನಿಂತಿತ್ತು. ಅಷ್ಟು ಒಳ್ಳೆಯ ಸಿಗ್ನಲ್ ಆ ಸುತ್ತಿನಲ್ಲಿ ನಾನು ಬರೆದದ್ದಿಲ್ಲ.

"ಬರ್ರಿ ಚೌಡಮ್ಮ, ಮ್ಯಾಲ ಬರ್ರಿ" ಅಂದರು ಸಾಹೇಬರು. ಊರಲ್ಲಿ ಚೌಡಮ್ಮನನ್ನು ಬಹುವಚನದಲ್ಲಿ ಕರೆದವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಚೌಡಮ್ಮ ಕದಲಲಿಲ್ಲ. "ಇಲ್ಲೇ ಇರ್ತೀನಿ ಸ್ವಾಮಿ."

"ಫೋನು ಇಲ್ಲಿ ಐತಿ. ನೀವು ಅಲ್ಲಿದ್ರ ಹೆಂಗ?"

"ನನಗ್ಯಾರು ಫೋನ್ ಮಾಡ್ತಾರೆ ಬಿಡ್ರಿ."

ಯಜಮಾನರು ಜಗಲಿಯಿಂದ ಕೂಗಿದರು: "ಬಾರೇ ಚೌಡಿ, ಬ್ಯಾಡ ಅಂದೋರ್ಯಾರು ನಿನ್ನ? ಹತ್ತು."

ಚೌಡಮ್ಮ ನಾಲ್ಕೈದು ಹೆಜ್ಜೆ ಮುಂದೆ ಬಂದರು. ಮೊದಲ ಮೆಟ್ಟಿಲಿನ ಹತ್ತಿರ ನಿಂತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಮೆಟ್ಟಿಲ ಮೇಲೆ ಕಾಲಿಡಲಿಲ್ಲ. ಎಷ್ಟು ಹೊತ್ತು ಎಂದು ನಾನು ಎಣಿಸಿಲ್ಲ.

ಆಗ ಒಂದು ತಪ್ಪಾಯಿತು, ಅದನ್ನು ಮಾಡಿದವನು ನಾನು. ಆಕೆಗೆ ಸುಲಭವಾಗಲಿ ಎಂದು, ಯೋಚಿಸದೆ, ಸ್ಟೂಲಿನ ಮೇಲಿನ ಫೋನನ್ನು ಎತ್ತಿಕೊಂಡು ಮೆಟ್ಟಿಲಿಳಿಯಲು ಹೊರಟೆ. ಅದು ಉಪಕಾರ ಅಂತಲೇ ನನಗೆ ಅನಿಸಿತ್ತು. ಯಜಮಾನರೂ, "ಹ್ಞಾ, ಅದೇ ಸರಿ. ಅವರ ಕಡೆಯೋರು ಬಂದಾಗ ನಮ್ಮಾಳು ಕೆಳಗೆ ತಂದು ಕೊಡ್ತಾನೆ, ಅದಕ್ಕೇನಂತೆ" ಅಂದರು.

"ಇಡ್ರಿ ಅದನ್ನ" ಅಂದರು ಸಾಹೇಬರು. ದನಿ ಏರಿಸಲಿಲ್ಲ. ನಾನು ಇಟ್ಟೆ. ಅವರು ಮೆಟ್ಟಿಲು ಹತ್ತಿ ಬಂದು ರಿಸೀವರಿನ ಸುರುಳಿ ವೈರನ್ನು ಯಜಮಾನರೆದುರು ಪೂರ್ತಿ ಎಳೆದು ತೋರಿಸಿದರು. "ಇದು ಇಷ್ಟೇ ಉದ್ದ ಬರೂದ್ರಿ. ನಿಮ್ಮಾಳು ಊರಿಗೆ ಹೋದ ದಿನ ಇವರಣ್ಣಗ ಬಂದಂಥ ಜ್ವರ ಇನ್ನೊಬ್ಬರಿಗೆ ಬಂದ್ರ?"

ಚೌಡಮ್ಮನ ಅಣ್ಣ ಹಿಂದಿನ ಬೇಸಿಗೆಯಲ್ಲಿ ಮಂಗನ ಕಾಯಿಲೆಯಿಂದ ಹೋಗಿದ್ದ. ಕಾಡಿಗೆ ದರಗು, ಅಂದರೆ ಒಣಗಿದ ಎಲೆ, ಗುಡಿಸಲು ಹೋಗುವವರಿಗೇ ಆ ಜ್ವರ ಮೊದಲು. ಚೌಡಮ್ಮ ಗಾಡಿ ತರಲು ರಸ್ತೆಯವರೆಗೆ ನಡೆದು ಹೋಗಿದ್ದರು, ಗಾಡಿಯೊಂದಿಗೆ ವಾಪಸು ಬಂದದ್ದು ಮರುದಿನ. ಇದೆಲ್ಲ ಊರಿಗೆ ಗೊತ್ತಿತ್ತು. ಸಾಹೇಬರಿಗೂ ಗೊತ್ತಿತ್ತು ಎಂದು ನನಗೆ ಗೊತ್ತಿರಲಿಲ್ಲ. ಯಾವ ಊರಿಗೆ ಹೋದರೂ ಅವರು ಕಡೆಯ ಮನೆಯಿಂದ ನಡೆಯಲು ಶುರುಮಾಡುತ್ತಿದ್ದರು. ಅಂದು ಬೆಳಿಗ್ಗೆ ನಾನು ಟೀ ಕುಡಿಯುತ್ತಿದ್ದಾಗ ಆ ಕೇರಿಗೆ ಹೋಗಿ ಬಂದಿದ್ದರಂತೆ.

ಅಂಗಳದ ಮೂಲೆಗೆ ಕರೆದು ಅವರಿಗೆ ನಾನು ಮೆಲ್ಲಗೆ ಹೇಳಿದೆ: "ಸಾರ್, ಇಲ್ಲಿ ಸಿಗ್ನಲ್ ಇಲ್ಲ ಅಂದುಬಿಡಿ. ಅವರಿಗೂ ಬೇಜಾರಾಗಲ್ಲ, ಮುಗಿದುಹೋಗುತ್ತೆ."

ನನ್ನನ್ನು ನೋಡಿದರು. ಕನ್ನಡಕ ತೆಗೆದು ಒರೆಸಿದರು. "ಮುಳ್ಳು ಎಲ್ಲೈತಿ?"

"ಎಂಟು."

"ಮತ್ತ ಎಂಟು ಅಂತ ಗಟ್ಟಿಯಾಗಿ ಹೇಳ್ರಿ, ಅವರಿಗೂ ಕೇಳ್ಲಿ."

ಹೇಳಿದೆ. ಎಲ್ಲರಿಗೂ ಕೇಳಿತು. ಆಮೇಲೆ ಅವರು ಯಜಮಾನರ ಮುಂದೆ ಹೋಗಿ, "ನಿಮ್ಮನ್ಯಾಗ ಸಿಗ್ನಲ್ ಭಾಳ ಚಲೋ ಐತ್ರಿ. ಆದ್ರ ಫೋನು ಇಲ್ಲಿಡಾಂಗಿಲ್ಲ. ಸರ್ಕಾರ ಊರಿಗೊಂದು ಅಂದೈತಿ, ಮನಿಗೊಂದು ಅಂದಿಲ್ಲ" ಎಂದು ಕೈಮುಗಿದರು. ಯಜಮಾನರ ಮುಖ ಕೆಂಪಗಾಯಿತು. "ಮನೆಗೆ ಕರೆದು ಅವಮಾನ ಮಾಡಿಸ್ಕೊಂಡಂಗಾಯ್ತು" ಎಂದು ಒಳಗೆ ಹೋದರು. ಒಂದು ಸುಳ್ಳು ಹೇಳಿದ್ದರೆ ತಪ್ಪುತ್ತಿದ್ದ ಅವಮಾನ ಅದು. ಅವತ್ತು ನನಗೆ ಸಾಹೇಬರ ಮೇಲೆ ಸಿಟ್ಟು ಬಂದಿತ್ತು. ಮನೆಗೆ ಹೋಗಿ ನಮ್ಮ ಜಗಲಿಯ ಮೇಲೆ ಕೂತಾಗ, ಇಷ್ಟು ವರ್ಷದಲ್ಲಿ ಈ ಮೆಟ್ಟಿಲನ್ನು ಯಾರ್‍ಯಾರು ಹತ್ತಿಲ್ಲ ಎಂದು ಲೆಕ್ಕ ಹಾಕತೊಡಗಿದೆ.

ಮರುವಾರ ಆ ಊರಲ್ಲಿ ಇನ್ನೂ ಮೂರು ಕಡೆ ಪರೀಕ್ಷೆ ಮಾಡಿದರು. ಶಾಲೆಯ ಬೀಗದ ಕೈ ಸಂಜೆಯ ಬಸ್ಸಿಗೆ ಮೇಷ್ಟರ ಜೊತೆ ಸೊರಬಕ್ಕೆ ಹೋಗುತ್ತಿತ್ತು. ದೇವಸ್ಥಾನದ ಪಕ್ಕದ ಕೋಣೆಗೆ ಚೌಡಮ್ಮ ಬರಲೇ ಇಲ್ಲ. ಕೊನೆಗೆ ಕೆಟ್ಟ ಫೋನನ್ನು ಬಸ್ ತಿರುವಿನ ಟೈಲರ್ ಬಾಷಾನ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಹಲಗೆಯ ತುದಿಗಿಟ್ಟರು. ಬಾಷಾನಿಗೆ ಒಂದು ಕಾಲು ಸ್ವಾಧೀನವಿರಲಿಲ್ಲ. ಅಂಗಡಿಯೇ ಮನೆ, ಮನೆಯೇ ಅಂಗಡಿ. ಚೌಡಮ್ಮ ಬಂದರು. ಒಳಗೆ ಹೊಕ್ಕರು. ಎತ್ತಿದರು.

"ಏನಂತ ಮಾತಾಡ್ಲಿ?"

"ನನ್ನ ಜಂಪರ್ ಯಾವಾಗ ಕೊಡ್ತೀಯ ಅಂತ ಕೇಳು, ನಾನೇ ಉತ್ತರ ಕೊಡ್ತೀನಿ" ಅಂದ ಬಾಷಾ.

"ಅದನ್ನ ಫೋನಲ್ಲಿ ಬೇರೆ ಕೇಳ್ಬೇಕಾ? ಯುಗಾದಿಗೆ ಕೊಟ್ಟಿದ್ದು, ದೀಪಾವಳಿ ಹೋಯ್ತು!"

ಸಾಹೇಬರು ನಕ್ಕದ್ದನ್ನು ಆ ಊರು ಅಂದೇ ನೋಡಿದ್ದು. "ಈ ಊರಾಗ ಎಲ್ಲಾರ ಅಳತಿ ಗೊತ್ತಿರೂ ಜಾಗ ಇದೊಂದ" ಎಂದರು. ನಿಜ. ದೊಡ್ಡಮನೆಯವರ ಅಂಗಿಯೂ ಕೇರಿಯವರ ಅಂಗಿಯೂ ಒಂದೇ ಗೂಟಕ್ಕೆ ನೇತು ಬಿದ್ದಿರುತ್ತಿದ್ದ ಜಾಗ ಅದು.

ಆದರೆ ಅಂಗಡಿ ಇದ್ದದ್ದು ತಗ್ಗಿನಲ್ಲಿ. ಸೊರಬದ ದಿಕ್ಕಿಗೆ ದೊಡ್ಡ ಹಲಸಿನ ಮರ. ಮೀಟರಿನ ಮುಳ್ಳು ಎರಡು ದಾಟಲಿಲ್ಲ. ನಾಲ್ಕಕ್ಕಿಂತ ಕಡಿಮೆಯಿದ್ದರೆ ಮಾತು ಕೇಳುವುದಿಲ್ಲ.

ಅಷ್ಟರಲ್ಲಿ ಮೇಲಿನ ಆಫೀಸಿಗೆ ಅರ್ಜಿ ಹೋಗಿತ್ತು. ಬರೆದವರು ಯಜಮಾನರಲ್ಲ, ಅವರ ಸಂಬಂಧಿಯೊಬ್ಬರು. ಒಳ್ಳೆಯ ಸಿಗ್ನಲ್ ಇರುವ ಜಾಗ ಬಿಟ್ಟದ್ದೇಕೆ, ಉತ್ತರ ಕೊಡಿ ಎಂದು ಸಾಹೇಬರಿಗೆ ಕಾಗದ ಬಂತು. ಅವರ ಉತ್ತರವನ್ನು ನಕಲು ಮಾಡಿದವನು ನಾನು, ಅದು ಬಾಯಿಪಾಠವಾಗಿದೆ: "ಮೊದಲನೆಯ ಸ್ಥಳದಲ್ಲಿ ಸಿಗ್ನಲ್ ಉತ್ತಮವಾಗಿದೆ, ಸಾರ್ವಜನಿಕರು ಬರಲಿಲ್ಲ. ಎರಡನೆಯ ಸ್ಥಳದಲ್ಲಿ ಸಾರ್ವಜನಿಕರಿದ್ದಾರೆ, ಸಿಗ್ನಲ್ ಇಲ್ಲ. ಸಿಗ್ನಲ್ಲನ್ನು ತರಬಹುದು." ಒಂದು ತಿಂಗಳು ಗಡುವು ಸಿಕ್ಕಿತು. ಅಷ್ಟರೊಳಗೆ ಟೈಲರ್ ಅಂಗಡಿಯಿಂದ ಮಾತು ಹೋಗದಿದ್ದರೆ ಫೋನು ದೊಡ್ಡಮನೆಗೆ. ಹಾಗೆಂದು ಬರೆದೇ ಕಳಿಸಿದ್ದರು.

ಮೂರು ವಾರ ನಾವು ಪಟ್ಟ ಪಾಡು ಹೇಳಿ ಪ್ರಯೋಜನವಿಲ್ಲ. ಅಂಗಡಿಯ ಹಿಂದೆ, ಮುಂದೆ, ಮಾಡಿನ ಮೇಲೆ ಕಂಬ ನಿಲ್ಲಿಸಿದೆವು. ಎರಡು, ಎರಡೂವರೆ, ಒಂದು ಸಲ ಮೂರು. ಹಲಸಿನ ಮರ ಕಡಿಸಿ ಎಂದು ಯಾರೋ ಅಂದರು. "ಫೋನ್ ಬಂದು ಹಣ್ಣು ಹೋತು ಅಂತ ಬೈಸ್ಕೊಳ್ಲೇನು?" ಎಂದು ಬಿಟ್ಟರು. ಗಡುವಿಗೆ ಆರು ದಿನ ಉಳಿದಾಗ ಒಂದು ಮಧ್ಯಾಹ್ನ ತಿರುವಿನಲ್ಲಿ ನಿಂತು ದಿಬ್ಬದ ಕಡೆ ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕರೆದುಕೊಂಡು ನೇರವಾಗಿ ದೊಡ್ಡಮನೆಗೆ ನಡೆದರು.

ಯಜಮಾನರು ಜಗಲಿಯ ಮೇಲೆ ಅಡಿಕೆ ಕತ್ತರಿಸುತ್ತಿದ್ದರು. ಏಳಲಿಲ್ಲ. ಕೂರಿ ಅನ್ನಲಿಲ್ಲ. ಸಾಹೇಬರು ಅಂಗಳದಲ್ಲೇ ನಿಂತು ಹೇಳಿದರು: ಆಂಟೆನಾ, ರೇಡಿಯೋ, ಬ್ಯಾಟರಿ ಎಲ್ಲ ನಿಮ್ಮ ಮನೆಯ ಮೇಲೆ ಇರಲಿ. ಇಲ್ಲಿಂದ ಕೆಳಗೆ ಅಂಗಡಿಯವರೆಗೆ ಒಂದು ವೈರು ಎಳೆಯುತ್ತೇನೆ. ಫೋನು ಅಲ್ಲಿ.

ಯಜಮಾನರ ಕೈಯ ಅಡಕತ್ತರಿ ನಿಂತಿತು. "ಅಂದ್ರೆ ಹೊರೋದು ನಾನು, ಮಾತಾಡೋದು ಊರು. ಇದ್ಯಾವ ನ್ಯಾಯ ಸ್ವಾಮಿ?"

"ನ್ಯಾಯ ಅಲ್ರಿ, ಎತ್ತರ. ದೇವರು ನಿಮ್ಮನಿ ಎತ್ತರದಾಗ ಇಟ್ಟಾನ. ನಾ ಏನ್ ಮಾಡ್ಲಿ?"

"ನನಗೆ ಫೋನ್ ಮಾಡ್ಬೇಕಾದ್ರೆ?"

"ಅಂಗಡಿಗೆ ಬರ್ಬೇಕ್ರಿ. ಎಲ್ಲಾರಂಗ."

"ನಮ್ಮ ಮನೆ ಹೆಂಗಸ್ರೂ ಅಲ್ಲಿಗೇ ಬಂದು ಸಾಲಲ್ಲಿ ನಿಲ್ಲಬೇಕೋ?"

ಇದಕ್ಕೆ ಸಾಹೇಬರು ಉತ್ತರ ಕೊಡಬೇಕಾಗಲಿಲ್ಲ. ಬಾಗಿಲ ಹಿಂದಿನಿಂದ ಯಜಮಾನರ ಹೆಂಡತಿ ಪಾರ್ವತಮ್ಮ ಹೊರಗೆ ಬಂದರು. "ರವಿಕೆ ಅಳತೆ ಕೊಡಕ್ಕೆ ಮದುವೆಯಾದಾಗಿಂದ ಹೋಗ್ತಿದ್ದೀನಿ ಅಲ್ಲಿಗೆ. ಅವಾಗ ಹೋಗದ ಮರ್ಯಾದೆ ಫೋನ್ ಮಾಡಿದ್ರೆ ಹೋಗ್ತದಾ? ಶಿರಾಳಕೊಪ್ಪದ ಮಗಳ ದನಿ ಕೇಳಿ ಆರು ತಿಂಗಳಾಯ್ತು. ಸುಮ್ನೆ ಹ್ಞೂಂ ಅನ್ರಿ" ಅಂದರು.

ಯಜಮಾನರು ಒಂದು ಹೋಳು ಬಾಯಿಗೆ ಹಾಕಿಕೊಂಡರು. ಅಗಿದರು. "ಹೆಂಚು ಒಡೀಬಾರ್ದು" ಅಂದರು. ಅಷ್ಟೇ ಅವರ ಒಪ್ಪಿಗೆ.

ಒಂದು ಹೆಂಚೂ ಒಡೆಯಲಿಲ್ಲ. ಎರಡು ದಿನದಲ್ಲಿ ಕಂಬ ನಿಂತಿತು. ವೈರು ಎಳೆಯುವಾಗ ಹಗ್ಗದ ಒಂದು ತುದಿ ಹಿಡಿದವರು ಕೇರಿಯ ಗಂಡಸರು, ಇನ್ನೊಂದು ತುದಿ ಹಿಡಿದವರು ದೊಡ್ಡಮನೆಯ ಆಳುಗಳು. ಗಡುವಿಗೆ ಮೂರು ದಿನ ಇರುವಾಗ ಟೈಲರ್ ಅಂಗಡಿಯಲ್ಲಿ ಡಯಲ್ ಟೋನ್ ಬಂತು.

ಆದರೂ ಚೌಡಮ್ಮ ನಿಜವಾದ ಫೋನು ಎತ್ತಿರಲಿಲ್ಲ. ಕೆಟ್ಟ ಫೋನಿನಲ್ಲಿ ಜಂಪರ್ ಕೇಳಿದ್ದು ತಮಾಷೆ; ಇದು ಬೇರೆ. ಎರಡು ವಾರ ಕಳೆಯಿತು. ಕೇರಿಯಿಂದ ಒಬ್ಬರೂ ಬರಲಿಲ್ಲ ಎಂದು ಬಾಷಾ ಹೇಳಿದ. ಸಾಹೇಬರು ಆ ಊರಿನ ಬ್ಯಾಟರಿಗೆ ನೀರು ಹಾಕುವ ನೆಪದಲ್ಲಿ ವಾರಕ್ಕೊಮ್ಮೆ ಹೋಗತೊಡಗಿದರು. ಅಷ್ಟು ನೀರು ಯಾವ ಬ್ಯಾಟರಿಗೂ ಬೇಡ.

ಸಂಕ್ರಾಂತಿ ಕಳೆದ ವಾರ. ಬೆಳಿಗ್ಗೆ ಹತ್ತರ ಸುಮಾರು. ನಾನು ಅಂಗಡಿಯ ಹೊರಗೆ ವೈರಿನ ಗಂಟು ಬಿಗಿಯುತ್ತಿದ್ದೆ, ಸಾಹೇಬರು ಒಳಗೆ ಬೆಂಚಿನ ಮೇಲೆ ಕೂತಿದ್ದರು, ಪಾರ್ವತಮ್ಮ ರವಿಕೆ ಕೊಡಲು ಬಂದಿದ್ದರು. ಚೌಡಮ್ಮ ಕಾಡಿನ ದಾರಿಯಿಂದ ಓಡಿಬಂದರು. ತಲೆಯ ಮೇಲೆ ಇನ್ನೂ ದರಗಿನ ಚೂರು.

"ಮಂಗ ಸತ್ತದೆ. ಮತ್ತಿ ಮರದ ಬುಡದಲ್ಲಿ. ಹುಡುಗ್ರು ಕುಂಕುಮ, ಹೂವು ತರಕ್ಕೆ ಹೋಗ್ಯಾರೆ, ಹೂಳಕ್ಕೆ."

ಸತ್ತ ಮಂಗನನ್ನು ಹನುಮಂತನೆಂದು ಪೂಜೆ ಮಾಡಿ, ಎತ್ತಿ ತಂದು ಹೂಳುವುದು ನಮ್ಮಲ್ಲಿ ಪುಣ್ಯದ ಕೆಲಸ. ಸತ್ತ ಮಂಗನ ಮೈಯಿಂದ ಉದುರುವ ಉಣುಗಿನಿಂದಲೇ ಜ್ವರ ಬರುವುದು. ಚೌಡಮ್ಮನ ಅಣ್ಣನೂ ಹಾಗೊಂದು ಮಂಗನನ್ನು ಹೊತ್ತು ತಂದವನು.

ಬಾಷಾ ಫೋನಿಗೆ ಕೈ ಹಾಕಲು ಹೋದ. ಸಾಹೇಬರು ಅವನ ಕೈಯ ಮೇಲೆ ತಮ್ಮ ಕೈ ಇಟ್ಟರು. ಸೊರಬದ ಆಸ್ಪತ್ರೆಯ ನಂಬರನ್ನು ತಾವೇ ತಿರುಗಿಸಿದರು. ರಿಸೀವರನ್ನು ಹಲಗೆಯ ಮೇಲೆ ಮಲಗಿಸಿ, ಎದ್ದು ಹೊರಗೆ ಬಂದು, ನನ್ನ ಪಕ್ಕದಲ್ಲಿ ರಸ್ತೆಗೆ ಮುಖ ಮಾಡಿ ನಿಂತರು. ಒಳಗೆ ನೋಡಲಿಲ್ಲ. ನಾನು ನೋಡಿದೆ.

ಚೌಡಮ್ಮ ಕೈಯನ್ನು ಸೀರೆಗೆ ಎರಡು ಸಲ ಒರೆಸಿಕೊಂಡು ಎತ್ತಿದರು.

"ಯಾರು? ಆಸ್ಪತ್ರೆಯೋರಾ? ಮಂಗ ಸತ್ತದೆ ಕಣ್ರೀ! ನಾನು ಚೌಡಮ್ಮ!" ಎಂದು ಗದ್ದೆಯಾಚೆಯವರನ್ನು ಕರೆಯುವಂತೆ ಕೂಗಿದರು. ಆ ಕಡೆಯಿಂದ ಮೆಲ್ಲಗೆ ಮಾತಾಡಿ ಎಂದಿರಬೇಕು. "ಮೆಲ್ಲಗೆ ಮಾತಾಡಿದ್ರೆ ಸೊರಬಕ್ಕೆ ಹೆಂಗ್ರೀ ಕೇಳ್ತದೆ? ಬೇಗ ಬರ್ರಿ, ಪುಡಿ ತಗಂಡು ಬರ್ರಿ! ನಾನು ಹೋಗಿ ಹುಡುಗ್ರನ್ನ ತಡೀತೀನಿ!"

ಪಾರ್ವತಮ್ಮ ರವಿಕೆಯನ್ನು ಅಲ್ಲೇ ಬಿಟ್ಟು, "ನಡಿಯೇ, ನಾನೂ ಬರ್ತೀನಿ. ನಿನ್ನ ಮಾತು ಕೇಳ್ದೇ ಇದ್ರೂ ನನ್ನ ಬೈಗಳ ಕೇಳ್ತಾರೆ" ಎಂದು ಹೊರಟರು. ಇಬ್ಬರೂ ಕಾಡಿನ ದಾರಿ ಹಿಡಿದರು. ಮಧ್ಯಾಹ್ನದೊಳಗೆ ಆಸ್ಪತ್ರೆಯ ಜೀಪು ಬಂತು. ಮಂಗನನ್ನು ಯಾರೂ ಮುಟ್ಟಿರಲಿಲ್ಲ. ಸುತ್ತ ಉಣುಗು ಸಾಯುವ ಪುಡಿ ಎರಚಿದರು.

ಆ ಬೇಸಿಗೆ ಆ ಕೇರಿಯಲ್ಲಿ ಯಾರಿಗೂ ಜ್ವರ ಬರಲಿಲ್ಲ. ಫೋನಿನಿಂದಲೇ ಬರಲಿಲ್ಲ ಎಂದು ನಾನು ಹೇಳಲಾರೆ. ಅದು ನನಗೆ ಕಾಣುವ ವಿಷಯವಲ್ಲ. ನಾನು ಕಂಡದ್ದು ರಸ್ತೆಗೆ ಮುಖ ಮಾಡಿ ನಿಂತಿದ್ದ ಸಾಹೇಬರ ಮುಖ. ಅದನ್ನು ಬರೆದಿಡಲು ಯಾವ ಮೀಟರೂ ಇರಲಿಲ್ಲ, ಆದ್ದರಿಂದ ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅಂಥವರ ಕೈಕೆಳಗೆ ನಾನು ಕೆಲಸ ಮಾಡಿದ್ದೆ ಎಂದಷ್ಟೇ ಹೇಳುತ್ತೇನೆ. ಈಗ ಊರೂರಿಗೆ ತಂತಿಯಿಲ್ಲದ ಇಂಟರ್ನೆಟ್ಟು ಬಂದಿದೆ, ಇಷ್ಟು ಹಳ್ಳಿಗೆ ಸಿಗ್ನಲ್ ಮುಟ್ಟಿಸಿದೆವು ಎಂದು ಪತ್ರಿಕೆಯಲ್ಲಿ ಬರುತ್ತದೆ. ಓದಿದಾಗಲೆಲ್ಲ, ಜನ ಬಂದರೇ ಎಂದು ಹೋಗಿ ನೋಡಿದವರು ಯಾರು ಎಂದು ಕೇಳಬೇಕೆನಿಸುತ್ತದೆ.

ಆ ಬೆಳಿಗ್ಗೆ ಅಂಗಡಿಯಲ್ಲಿದ್ದ ಬಾಷಾ ಈಗಿಲ್ಲ. ಸಾಹೇಬರಿಲ್ಲ. ಪಾರ್ವತಮ್ಮ ಇದ್ದಾರೆ, ಶಿರಾಳಕೊಪ್ಪದಲ್ಲಿ ಮಗಳ ಮನೆಯಲ್ಲಿ, ನೆನಪು ಚುರುಕಾಗಿದೆ. ಚೌಡಮ್ಮ ಇದ್ದಾರೆ, ಅದೇ ಊರಿನಲ್ಲಿ, ಅದೇ ಮನೆಯಲ್ಲಿ. ಕಿವಿ ಸ್ವಲ್ಪ ಮಂದ. ನಾನು ಬರೆದದ್ದು ಸರಿಯೇ ಎಂದು ಕೇಳುವವರು ಗಟ್ಟಿಯಾಗಿ ಕೇಳಬೇಕು.